ಕಳಚುವ ಬಾಗಿಲಿಗೆ ಕಳಚದ ಹಿಂಜ್

ಜೀಪಿಗೆ ಬಾಗಿಲು ಬೇಕೋ ಬೇಡವೋ ಅನ್ನುವ ಚರ್ಚೆ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಏಳುತ್ತದೆ. ಮಾರ್ಚ್ ಸೆಕೆಗೆ ಬೇಡ. ಜೂನ್ ಮಳೆಗೆ ಬೇಕು. ಉಡುಪಿಯಲ್ಲಿ ಇದ್ದುಕೊಂಡು ಹೆಬ್ರಿ ಕಡೆ ತೋಟ ನೋಡಿಕೊಳ್ಳುವವರಿಗೆ ಇದು ಸಣ್ಣ ವಿಷಯ ಅಲ್ಲ. ಮಲ್ಪೆಯಿಂದ ಹೊರಡುವ ಅದೇ 169ಎ ಹೆದ್ದಾರಿ ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುತ್ತದೆ. ಒಂದು ತುದಿಯಲ್ಲಿ ಉಪ್ಪು ಗಾಳಿ, ಇನ್ನೊಂದು ತುದಿಯಲ್ಲಿ ಬಿಡದ ಮಳೆ.

ಹಾಗಾಗಿ ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವ ಬಾಗಿಲೇ ಸರಿ. ಜೀಪಿನ ಚರಿತ್ರೆಯೂ ಹಾಗೇ ಉಂಟು. 1941ರಲ್ಲಿ ಯುದ್ಧಕ್ಕೆ ಅಂತ ತಯಾರಾದ ವಿಲ್ಲೀಸ್ ಜೀಪಿಗೆ ತಗಡಿನ ಬಾಗಿಲೇ ಇರಲಿಲ್ಲ. ಬದಿಗೆ ಅಡ್ಡಲಾಗಿ ಒಂದು ಪಟ್ಟಿ ಕಟ್ಟುತ್ತಿದ್ದರು, ಅಷ್ಟೆ. ಕ್ಯಾನ್ವಾಸಿನ ಬಾಗಿಲು, ಅರ್ಧ ಬಾಗಿಲು, ಪೂರ್ತಿ ತಗಡಿನ ಬಾಗಿಲು ಎಲ್ಲ ಆಮೇಲೆ ಬಂದವು. ಇವತ್ತಿಗೂ ಅಮೆರಿಕದ ರ‍್ಯಾಂಗ್ಲರ್ ಜೀಪಿನ ಬಾಗಿಲು ತೆಗೆದಿಡುವುದಕ್ಕೆ ಅಂತಲೇ ಮಾಡಿದ್ದು.

ನಮ್ಮ ಜೀಪಿನ ತಗಡಿನ ಬಾಗಿಲು ಹಿಂದಿನ ಮಾಲೀಕರು ಮಾಡಿಸಿದ್ದು. ಹಿಂಜ್ ನೋಡಿದರೆ ಮನೆಯ ಗೇಟಿಗೆ ಹಾಕುವಂಥದ್ದೇ. ಬಾಡಿಯಲ್ಲಿ ಎರಡು ಪಿನ್, ಬಾಗಿಲಲ್ಲಿ ಎರಡು ಕೊಳವೆ. ಎತ್ತಿದರೆ ಬಂತು, ಇಳಿಸಿದರೆ ಕೂತಿತು. ಮೋರಿ ದಾಟುವ ಒಂದು ಹಂಪಿನಲ್ಲಿ ಎಡಗಡೆ ಬಾಗಿಲು ಯಾರೂ ಎತ್ತದೆಯೇ ಎದ್ದಿತು. ಮೇಲಿನ ಪಿನ್ನಿನಿಂದ ಹೊರಗೆ ಬಂದು, ಕೆಳಗಿನ ಪಿನ್ನಿನಲ್ಲಿ ಸೊಟ್ಟಗೆ ನೇತಾಡಿತು. ಪಕ್ಕದಲ್ಲಿ ಕೂತಿದ್ದದ್ದು ತೋಟದ ಕೆಲಸಕ್ಕೆ ಬರುವ ಅಕ್ಕ. ಅವರ ಮೊಣಕೈ ಬಾಗಿಲ ಮೇಲೆಯೇ ಇತ್ತು. ಮುಂದಿನ ಹಿಡಿಕೆ ಹಿಡಿದು ಕೂತುಕೊಂಡು, "ಎಂತ ಮಾರಾಯ್ರೆ, ಬಾಗಿಲು ಕೈಗೇ ಬಂತಲ್ಲ!" ಅಂದರು. ನಕ್ಕೆವು. ಮನೆಗೆ ಬಂದ ಮೇಲೆ ನನಗೆ ನಗು ಬರಲಿಲ್ಲ.

ಬಾಗಿಲು ಯಾಕೆ ಎದ್ದಿತು ಅಂದರೆ ಲೆಕ್ಕ ಸರಳ. ಹಂಪಿಗೆ ಬಾಡಿಯೂ ಬಾಗಿಲೂ ಒಟ್ಟಿಗೆ ಮೇಲೆ ಚಿಮ್ಮುತ್ತವೆ. ಮರುಕ್ಷಣ ಲೀಫ್ ಸ್ಪ್ರಿಂಗ್ ಬಾಡಿಯನ್ನು ಕೆಳಗೆ ಎಳೆದುಕೊಳ್ಳುತ್ತದೆ. ಬಾಗಿಲನ್ನು ಎಳೆಯುವವರು ಯಾರೂ ಇಲ್ಲ, ಅದು ಮೇಲೆ ಹೋಗುತ್ತಲೇ ಇರುತ್ತದೆ. ಮುಚ್ಚಿದ ಕಾರಿನಲ್ಲಿ ಬಾಗಿಲಿನ ನೆತ್ತಿಗೆ ಚೌಕಟ್ಟು ಇದೆ, ಹೋದರೂ ತಡೆಯುತ್ತದೆ. ತೆರೆದ ಜೀಪಿನ ಬಾಗಿಲಿಗೆ ಮೇಲೆ ಆಕಾಶ ಮಾತ್ರ. ಜೊತೆಗೆ ಹಳೇ ಲ್ಯಾಚು ಸವೆದಿತ್ತು. ಬಾಗಿಲನ್ನು ಒಳಗೆ ಹೊರಗೆ ಹೋಗದ ಹಾಗೆ ಹಿಡಿಯುತ್ತಿತ್ತು, ಮೇಲೆ ಹೋಗದ ಹಾಗೆ ಅಲ್ಲ.

ನನ್ನ ಹೊಟ್ಟೆಪಾಡು ಡ್ರಾಯಿಂಗಿನದ್ದು. ಮಣಿಪಾಲದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗ ಬರೆಯುತ್ತೇನೆ. ಆದ್ದರಿಂದ ಅಂಗಡಿಯಲ್ಲಿ ಸಿಗುವ ಇನ್ನೊಂದು ಹಿಂಜ್ ತಂದು ಹಾಕುವ ಬದಲು ಮೊದಲಿಂದ ಲೆಕ್ಕ ಹಾಕೋಣ ಅಂತ ಕೂತೆ.

ಮೊದಲು ತೂಕ. ಅಡಿಕೆ ತೂಗುವ ತಕ್ಕಡಿಯಲ್ಲಿ ಬಾಗಿಲು 18 ಕಿಲೋ. ಆಮೇಲೆ ಅದರ ಭಾರ ಎಲ್ಲಿ ಕೂತಿದೆ ಅಂತ ನೋಡಬೇಕು. ಒಂದು ಪೈಪಿನ ಮೇಲೆ ಬಾಗಿಲನ್ನು ಮಲಗಿಸಿ, ಎರಡೂ ಕಡೆ ಸಮ ತೂಗುವ ಜಾಗ ಹುಡುಕಿದೆ. ಹಿಂಜಿನ ಗೆರೆಯಿಂದ 42 ಸೆಂಟಿಮೀಟರ್. ಎರಡು ಹಿಂಜ್‌ಗಳ ನಡುವೆ ಅಂತರ 36. ಈ ಮೂರು ಅಂಕಿ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ.

ಬಾಗಿಲು ಸುಮ್ನೆ ನೇತಾಡುತ್ತಿರುವಾಗ ಮೇಲಿನ ಹಿಂಜನ್ನು 21 ಕಿಲೋದಷ್ಟು ಹೊರಗೆ ಎಳೆಯುತ್ತದೆ, ಕೆಳಗಿನದನ್ನು ಅಷ್ಟೇ ಒಳಗೆ ಒತ್ತುತ್ತದೆ. ಇದು ಏನೂ ಅಲ್ಲ. ಆದರೆ ತೆರೆದ ಬಾಗಿಲ ತುದಿಗೆ ಜೋತು ಬೀಳುವುದು ನಮ್ಮ ಊರಿನ ಸಂಪ್ರದಾಯ. ಮಾತಾಡಲಿಕ್ಕೆ ನಿಂತವರು ಎರಡೂ ಕೈ ಊರಿ ಭಾರ ಬಿಡುತ್ತಾರೆ. 80 ಕಿಲೋದ ಒಬ್ಬರು 80 ಸೆಂಟಿಮೀಟರ್ ದೂರದಲ್ಲಿ ಪೂರ್ತಿ ಭಾರ ಹಾಕಿದರೆ ಮೇಲಿನ ಹಿಂಜಿಗೆ ಬೀಳುವ ಎಳೆತ ಸುಮಾರು 200 ಕಿಲೋ. ಹಿಂಜ್‌ಗಳ ಅಂತರವನ್ನು 36ರಿಂದ 48 ಸೆಂಟಿಮೀಟರಿಗೆ ಏರಿಸಿದರೆ ಅದೇ ಎಳೆತ 150ಕ್ಕೆ ಇಳಿಯುತ್ತದೆ. ಕಬ್ಬಿಣ ದಪ್ಪ ಮಾಡದೆ, ದುಡ್ಡು ಖರ್ಚು ಮಾಡದೆ, ಕಾಲು ಭಾಗ ಭಾರ ಕಡಿಮೆ. ಹಿಂಜ್ ಹಾಕುವಾಗ ಬಾಡಿಯಲ್ಲಿ ಎಷ್ಟು ಜಾಗ ಸಿಗುತ್ತದೋ ಅಷ್ಟು ದೂರ ದೂರ ಹಾಕಿ ಅಂತ ಯಾರಿಗೆ ಬೇಕಾದರೂ ಧೈರ್ಯವಾಗಿ ಹೇಳುತ್ತೇನೆ.

ಇನ್ನು ಪಿನ್. ಎತ್ತಿ ತೆಗೆಯುವ ಹಿಂಜಿನಲ್ಲಿ ಪಿನ್ನಿನ ಬುಡ ಮಾತ್ರ ಗಟ್ಟಿ, ತುದಿಗೆ ಆಧಾರ ಇಲ್ಲ. ಹಾಗಾಗಿ ಅದು ತುಂಡಾಗುವುದಕ್ಕಿಂತ ಮೊದಲು ಬಾಗುತ್ತದೆ. 150 ಕಿಲೋ ಎಳೆತ ಬುಡದಿಂದ 20 ಮಿಲಿಮೀಟರ್ ಮೇಲೆ ಬಿದ್ದರೆ 10 ಮಿಲಿಮೀಟರ್ ಪಿನ್ನಿನ ಬುಡದಲ್ಲಿ ಚದರ ಮಿಲಿಮೀಟರಿಗೆ 300 ನ್ಯೂಟನ್ ಒತ್ತಡ. ನಾವು ಮಾಮೂಲಾಗಿ ತರುವ ಇಎನ್ 8 ಅನ್ನುವ ಉಕ್ಕಿನ ರಾಡು ಸುಮಾರು 280ಕ್ಕೆ ಬಾಗಲು ಶುರು ಮಾಡುತ್ತದೆ. ಅದೇ 12 ಮಿಲಿಮೀಟರ್ ಆದರೆ ಒತ್ತಡ 173. ಎರಡೇ ಮಿಲಿಮೀಟರಿಗೆ ಇಷ್ಟು ವ್ಯತ್ಯಾಸ, ಯಾಕೆಂದರೆ ಬಾಗದೆ ನಿಲ್ಲುವ ಶಕ್ತಿ ವ್ಯಾಸದ ಘನಕ್ಕೆ ತಕ್ಕ ಹಾಗೆ ಏರುತ್ತದೆ.

ಹನ್ನೆರಡು ಸಾಕಲ್ವಾ ಅಂದುಕೊಳ್ಳುವಾಗ ನಿಯಮ ಓದಿದೆ. ವಿಶ್ವಸಂಸ್ಥೆಯ 11ನೇ ವಾಹನ ನಿಯಮ, ಅಮೆರಿಕದ 206ನೇ ಸುರಕ್ಷತಾ ಮಾನದಂಡ, 2004ರಲ್ಲಿ ಬಂದ ಒಂದನೇ ಜಾಗತಿಕ ತಾಂತ್ರಿಕ ನಿಯಮ, ಮೂರರಲ್ಲೂ ಪಕ್ಕದ ಬಾಗಿಲಿನ ಹಿಂಜ್‌ಗೆ ಒಂದೇ ಬೇಡಿಕೆ. ವಾಹನದ ಉದ್ದಕ್ಕೆ ಎಳೆದರೆ 11,000 ನ್ಯೂಟನ್, ಅಡ್ಡಕ್ಕೆ ಎಳೆದರೆ 9,000 ನ್ಯೂಟನ್ ತಡೆಯಬೇಕು. ಕಿಲೋ ಲೆಕ್ಕದಲ್ಲಿ ಸುಮಾರು 1,120 ಮತ್ತು 918. ಬಾಗಿಲಿಲ್ಲದೆಯೇ ಓಡಲಿಕ್ಕೆ ತಯಾರಾದ ವಾಹನಕ್ಕೆ ಸುಲಭವಾಗಿ ಹಾಕಿ ತೆಗೆಯುವ ಬಾಗಿಲು ಇದ್ದರೆ ಅದಕ್ಕೆ ಈ ಪರೀಕ್ಷೆ ಬೇಡ ಅಂತ ಅಮೆರಿಕದ ನಿಯಮ ವಿನಾಯಿತಿ ಕೊಟ್ಟಿದೆ. ಕಾಗದದ ಮೇಲೆ ಅದು ಸರಿ. ಆದರೆ ಬಾಗಿಲು ಹಾಕಿಕೊಂಡು ಒಳಗೆ ಕೂತವರು ಅದನ್ನು ಬಾಗಿಲು ಅಂತಲೇ ನಂಬುತ್ತಾರೆ, ಮೊಣಕೈ ಇಡುತ್ತಾರೆ, ಮಗುವನ್ನು ಆ ಬದಿಗೆ ಕೂರಿಸುತ್ತಾರೆ. ನಾನು ವಿನಾಯಿತಿ ತೆಗೆದುಕೊಳ್ಳಲಿಲ್ಲ. ಅಡ್ಡ ಎಳೆತದ 9,000 ನ್ಯೂಟನ್ನನ್ನೇ ಗುರಿ ಇಟ್ಟುಕೊಂಡೆ.

ಆ ಗುರಿಗೆ ಹನ್ನೆರಡರ ಪಿನ್ ಸೋಲುತ್ತದೆ. ಒಂದು ಹಿಂಜಿಗೆ 4,500 ನ್ಯೂಟನ್ ಅಂದರೂ ಬುಡದ ಒತ್ತಡ 530 ಆಗುತ್ತದೆ. 14 ಮಿಲಿಮೀಟರ್ ಪಿನ್ ಮಾಡಿ, ಕೊಳವೆಯನ್ನು ಗಿಡ್ಡ ಮಾಡಿ, ಎಳೆತ ಬುಡದಿಂದ 15 ಮಿಲಿಮೀಟರಿಗೆ ಬೀಳುವ ಹಾಗೆ ತಂದರೆ ಅದು 250ಕ್ಕೆ ಇಳಿಯಿತು. ಕಾಗದದಲ್ಲಿ ಅಲ್ಲಿಗೆ ನಿಂತೆ.

ಡ್ರಾಯಿಂಗ್ ಹಿಡಿದು ಶಿವಳ್ಳಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಶಾಪಿಗೆ ಹೋದೆ. ಅಲ್ಲಿನ ಆಚಾರ್ರು ಟರ್ನಿಂಗ್ ಕೆಲಸದಲ್ಲಿ ತಲೆ ನರೆಸಿದವರು. ಡ್ರಾಯಿಂಗ್ ನೋಡಿ ಕನ್ನಡಕ ಮೇಲೆ ಹಾಕಿದರು.

"ಪಿನ್ನನ್ನು ಪ್ಲೇಟಿಗೆ ವೆಲ್ಡ್ ಹೊಡೀಲಿಕ್ಕೆ ಉಂಟಾ?"

"ಹೌದು ಆಚಾರ್ರೆ."

"ಬೇಡ ಮಾರಾಯ್ರೆ. ಇಎನ್ 8ಕ್ಕೆ ಸೀದಾ ವೆಲ್ಡ್ ಹೊಡೆದ್ರೆ ಬುಡದಲ್ಲೇ ಕ್ರ್ಯಾಕ್ ಬರ್ತದೆ. ನಿಮ್ಮ ಲೆಕ್ಕದಲ್ಲಿ ಜಾಸ್ತಿ ಭಾರ ಬೀಳುವುದೂ ಬುಡದಲ್ಲೇ ಅಲ್ವಾ?"

ಅವರು ಹೇಳಿದ್ದು ನೂರಕ್ಕೆ ನೂರು. ಇಎನ್ 8ರಲ್ಲಿ ಇಂಗಾಲ ಸುಮಾರು 0.4 ಶೇಕಡಾ. ಕಾಯಿಸದೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದ ಜಾಗ ಗಾಜಿನ ಗುಣಕ್ಕೆ ತಿರುಗುತ್ತದೆ, ಗಟ್ಟಿ ಆದರೆ ಪೆಡಸು. ಅವರೇ ದಾರಿ ಹೇಳಿದರು. ಪಿನ್ನಿಗೆ 22 ಮಿಲಿಮೀಟರಿನ ಒಂದು ಭುಜ ಬಿಡುವುದು, ಅದರ ಕೆಳಗೆ 12 ಮಿಲಿಮೀಟರ್ ವ್ಯಾಸದ ಎಂ12 ಥ್ರೆಡ್. ಬಾಡಿಯ ಹಿಂಜಿನಲ್ಲಿ ಮೈಲ್ಡ್ ಸ್ಟೀಲಿನ ಒಂದು ಬಾಸ್, ಅಂದರೆ ನಡುವೆ ತೂತಿರುವ ದಪ್ಪ ತುಂಡು, ಅಷ್ಟು ಮಾತ್ರ ವೆಲ್ಡ್ ಆಗಿರುತ್ತದೆ. ಪಿನ್ ಅದರೊಳಗೆ ಇಳಿದು ಕೆಳಗಿನಿಂದ ಸುಲಭಕ್ಕೆ ಸಡಿಲಾಗದ ನೈಲಾಕ್ ನಟ್ಟಿನಲ್ಲಿ ಬಿಗಿಯಾಗುತ್ತದೆ. ತುಕ್ಕು ಹಿಡಿದರೆ ಪಿನ್ ಮಾತ್ರ ಬದಲಿಸಬಹುದು, ಕಟ್ಟರ್ ತರಬೇಕಾಗಿಲ್ಲ.

ಇನ್ನೊಂದು ಮಾತನ್ನೂ ಸೇರಿಸಿದರು. ಎರಡೂ ಪಿನ್ ಒಂದೇ ಉದ್ದ ಇದ್ದರೆ ಒಬ್ಬನೇ ಬಾಗಿಲು ಹಾಕಲು ಆಗುವುದಿಲ್ಲ. ಮೇಲಿನದು ಕೂರುವಾಗ ಕೆಳಗಿನದು ತಪ್ಪುತ್ತದೆ. ಅದಕ್ಕೆ ಮೇಲಿನ ಪಿನ್ 30 ಮಿಲಿಮೀಟರ್, ಕೆಳಗಿನದು 42. ಹೆಚ್ಚುವರಿ ಹನ್ನೆರಡು ಮಿಲಿಮೀಟರ್ ಚೂಪು ತುದಿ, ಭಾರಕ್ಕೆ ಅಲ್ಲ, ದಾರಿ ತೋರಿಸಲಿಕ್ಕೆ. ಮೊದಲು ಕೆಳಗಿನದನ್ನು ಕೂರಿಸಿ, ಆಮೇಲೆ ನಿಧಾನಕ್ಕೆ ಮೇಲಿನದು. ಗೇಟು ಮಾಡುವವರಿಗೆ ಇದು ಅಜ್ಜನ ಕಾಲದಿಂದ ಗೊತ್ತು.

ಉಪ್ಪು ಗಾಳಿಯ ವಿಷಯಕ್ಕೆ ಮಲ್ಪೆಗೆ ಹೋದೆ. ಬಂದರಿನ ಹತ್ತಿರ ಬೋಟುಗಳ ಫ್ಯಾಬ್ರಿಕೇಶನ್ ಮಾಡುವ ಒಬ್ಬರು ಅಣ್ಣ ಉಂಟು, ಬೋಟಿನ ಮುಚ್ಚಳದ ಹಿಂಜ್ ಎಲ್ಲ ಮಾಡುವವರು. ಅವರದ್ದು ಒಂದೇ ಮಾತು, ಎಸ್‌ಎಸ್ 316 ಸ್ಟೇನ್‌ಲೆಸ್ ಸ್ಟೀಲ್ ಹಾಕಿ, ತಲೆನೋವು ಬಿಡಿ. ಬೋಟಿಗೆ ಅದು ಸರಿಯೇ. ನನ್ನ ಪಿನ್ನಿಗೆ ಎರಡು ತೊಂದರೆ. ಮೆದು ಸ್ಥಿತಿಯ 316 ಸುಮಾರು 205ಕ್ಕೇ ಬಾಗಲು ಶುರು ಮಾಡುತ್ತದೆ, ನನಗೆ ಬೇಕಿದ್ದದ್ದು 250ರ ಮೇಲೆ. ಎರಡನೆಯದು, ಸ್ಟೇನ್‌ಲೆಸ್ ಪಿನ್ ಮಾಮೂಲಿ ಕಬ್ಬಿಣದ ಕೊಳವೆಯಲ್ಲಿ ಉಪ್ಪು ನೀರಿನ ಜೊತೆ ಕೂತರೆ ಕೊಳವೆ ಬೇಗ ಕರಗುತ್ತದೆ. ಎರಡೂ ಸ್ಟೇನ್‌ಲೆಸ್ ಮಾಡಿದರೆ ಒಂದಕ್ಕೊಂದು ಉಜ್ಜಿ ಕಚ್ಚಿಕೊಳ್ಳುತ್ತವೆ. ಅಣ್ಣ ಒಪ್ಪಲಿಲ್ಲ. "ಗ್ರೀಸ್ ಹಾಕಿದ್ರೆ ಎಂತ ಆಗುದಿಲ್ಲ" ಅಂದರು. ಜೀಪಿಗೆ ಗ್ರೀಸ್ ಹಾಕುವ ಶಿಸ್ತು ನಮ್ಮ ಮನೆಯಲ್ಲಿ ಎಷ್ಟು ಅಂತ ನನಗೆ ಗೊತ್ತು.

ಕಡೆಗೆ ಇಎನ್ 8 ಪಿನ್, ಅದರ ಸುತ್ತ ಪ್ಲಾಸ್ಟಿಕ್ ಬುಷ್, ಅಂದರೆ ಪಿನ್ನಿಗೂ ಕೊಳವೆಗೂ ನಡುವೆ ಕೂರುವ ತೆಳು ಒಳಕೊಳವೆ. ಬುಷ್ ಅಂದ ಕೂಡಲೇ ಎಲ್ಲರೂ ನೈಲಾನ್ ರಾಡು ತೆಗೆಯುತ್ತಾರೆ. ನೈಲಾನ್ ನೀರು ಕುಡಿದು ಉಬ್ಬುತ್ತದೆ. ಸೆಕೆಗಾಲದಲ್ಲಿ ಸಲೀಸಾಗಿ ಕೂತ ಬಾಗಿಲು ಜುಲೈಯಲ್ಲಿ ಎತ್ತಿದರೆ ಬರಲಿಕ್ಕಿಲ್ಲ. ಡೆಲ್ರಿನ್ ಅನ್ನುವ ಅಸಿಟಾಲ್ ಪ್ಲಾಸ್ಟಿಕ್ ನೀರು ಕುಡಿಯುವುದು ತೀರಾ ಕಡಿಮೆ. ಮಂಗಳೂರಿನಿಂದ ತರಿಸಿ, ಒಂದೂವರೆ ಮಿಲಿಮೀಟರ್ ದಪ್ಪದ ಬುಷ್ ತಿರುಗಿಸಿದೆವು. ಬುಷ್ ಪೂರ್ತಿ ಸವೆದು ಹೋದರೂ ಹೊರಗಿನ ಕಬ್ಬಿಣದ ಕೊಳವೆ ಪಿನ್ನನ್ನು ಬಿಡುವುದಿಲ್ಲ. ಬಾಗಿಲು ಗಡಗಡ ಅನ್ನಬಹುದು, ಬೀಳುವುದಿಲ್ಲ. ಕೊಳವೆಯ ಬಾಯಿಗೆ ಮಳೆನೀರು ಇಳಿಯದ ಹಾಗೆ ಒಂದು ಟೊಪ್ಪಿ.

ಈಗ ಅಸಲು ಪ್ರಶ್ನೆ. ಬಾಗಿಲು ಮೇಲೆ ಏಳದ ಹಾಗೆ ಏನು ಮಾಡುವುದು?

ಎಲ್ಲರೂ ಕೊಡುವ ಸಲಹೆ ಕ್ಲಿಪ್. ಪಿನ್ನಿನ ತುದಿಗೆ ತೂತು, ಅದರಲ್ಲಿ ಒಂದು ಸ್ಪ್ರಿಂಗ್ ಕ್ಲಿಪ್. ಅಥವಾ ತುದಿಗೆ ಒಂದು ನಟ್ಟು. ಎರಡೂ ಕೆಲಸ ಮಾಡುತ್ತವೆ, ಹಾಕಿದರೆ. ಮೊದಲ ಮಳೆಗೆ ಗಡಿಬಿಡಿಯಲ್ಲಿ ಬಾಗಿಲು ಏರಿಸುವಾಗ ಕ್ಲಿಪ್ ಯಾವ ಡಬ್ಬದಲ್ಲಿ ಉಂಟು? ತಮ್ಮ ಹಾಕಿದ್ದಾನೆ ಅಂತ ನಾನು, ನಾನು ಹಾಕಿದ್ದೇನೆ ಅಂತ ತಮ್ಮ. ನೆನಪಿನ ಮೇಲೆ ನಿಂತ ಸುರಕ್ಷತೆಯನ್ನು ನಾನು ನಂಬುವುದಿಲ್ಲ. ಬಾಗಿಲು ಕೂತರೆ ಅದರಷ್ಟಕ್ಕೇ ಬೀಗ ಬೀಳಬೇಕು. ತೆಗೆಯಬೇಕಾದರೆ ಬೇಕಂತಲೇ ಎರಡು ಬೇರೆ ಬೇರೆ ಕೆಲಸ ಮಾಡಬೇಕು. ಇಡೀ ಡಿಸೈನಿನಲ್ಲಿ ನಾನು ಹಟ ಹಿಡಿದದ್ದು ಇದೊಂದಕ್ಕೆ.

ದಾರಿ ಸಿಕ್ಕಿದ್ದು ಹಳೇ ಬಲ್ಬಿನ ಹೋಲ್ಡರಿನಿಂದ. ಒಳಗೆ ತಳ್ಳಿ ತಿರುಗಿಸುತ್ತೇವಲ್ಲ, ಆಮೇಲೆ ಸೀದಾ ಎಳೆದರೆ ಬರುವುದಿಲ್ಲ. ಬಾಗಿಲಿನ ಕೊಳವೆಯ ಕೆಳಗಂಚಿಗೆ ಒಂದು ಚಪ್ಪಟೆ ಬಳೆ ವೆಲ್ಡ್ ಮಾಡಿ, ಒಂದು ಕಡೆ ಕಚ್ಚು ಕತ್ತರಿಸಿದೆವು. ಬಾಡಿಯ ಹಿಂಜಿಗೆ ಒಂದು ಕೊಕ್ಕೆ, ಬಳೆಯ ಮೇಲೆ ಬಾಗಿಕೊಂಡು ನಿಲ್ಲುವಂಥದ್ದು. ಬಾಗಿಲು ಮುಚ್ಚಿದ್ದರೂ, ಅರ್ಧ ತೆರೆದಿದ್ದರೂ ಬಳೆ ಕೊಕ್ಕೆಯ ಅಡಿಯಲ್ಲೇ ಇರುತ್ತದೆ. ಬಾಗಿಲನ್ನು 100 ಡಿಗ್ರಿ ತೆರೆದಾಗ ಮಾತ್ರ ಕಚ್ಚು ಕೊಕ್ಕೆಯ ಎದುರಿಗೆ ಬರುತ್ತದೆ, ಆಗ ಎತ್ತಬಹುದು. ಆದರೆ ಬಾಗಿಲಿಗೆ ಒಂದು ಪಟ್ಟಿ ಕಟ್ಟಿದೆ, ಅದು 70 ಡಿಗ್ರಿಗೇ ನಿಲ್ಲಿಸುತ್ತದೆ. ಹಾಗಾಗಿ ಮೊದಲು ಪಟ್ಟಿ ಬಿಚ್ಚಬೇಕು, ಆಮೇಲೆ ಪೂರ್ತಿ ತೆರೆಯಬೇಕು, ಆಮೇಲೆ ಎತ್ತಬೇಕು. ಹಾಕುವಾಗಲೂ 100 ಡಿಗ್ರಿಯಲ್ಲೇ ಇಳಿಸಬೇಕು. ಮುಚ್ಚಿದ ಕೂಡಲೇ ಬೀಗ ತಾನಾಗಿ ಬಿದ್ದಿರುತ್ತದೆ. ಪಟ್ಟಿಗೆ ಇನ್ನೊಂದು ಉಪಯೋಗವೂ ಉಂಟು. ಪಡುಬಿದ್ರಿ ಕಡೆ ಸಮುದ್ರದ ಗಾಳಿಗೆ ಬಾಗಿಲು ಬೀಸಿ ಮಡ್‌ಗಾರ್ಡಿಗೆ ಬಡಿಯುವುದು ತಪ್ಪುತ್ತದೆ.

ಒಬ್ಬ ಸ್ನೇಹಿತ ಹಿಂಜನ್ನು ಹಿಂದಿನ ಕಡೆ ಹಾಕು, ಅಮ್ಮನಿಗೆ ಹತ್ತಲು ಸುಲಭ ಅಂದ. ಬೇಡ ಅಂದೆ. ಮುಂದೆ ಹಿಂಜ್ ಇದ್ದರೆ ಓಡುವಾಗ ಲ್ಯಾಚು ಬಿಟ್ಟರೂ ಗಾಳಿ ಬಾಗಿಲನ್ನು ಮುಚ್ಚಿಯೇ ಇಡುತ್ತದೆ. ಹಿಂದೆ ಇದ್ದರೆ ಅದೇ ಗಾಳಿ ಕಿತ್ತು ತೆರೆಯುತ್ತದೆ. ಅಮ್ಮನಿಗೆ ಒಂದು ಮೆಟ್ಟಿಲು ಹಾಕಿಸಿದೆ.

ವೆಲ್ಡಿಂಗಿನ ದಿನ ಜಾಸ್ತಿ ಹೊತ್ತು ಹೋದದ್ದು ಎರಡು ಹಿಂಜ್‌ಗಳನ್ನು ಒಂದೇ ಗೆರೆಗೆ ತರುವುದಕ್ಕೆ. ಜೀಪಿನ ಬಾಡಿ ಕಣ್ಣಿಗೆ ಚಪ್ಪಟೆ ಕಂಡರೂ ಚಪ್ಪಟೆ ಅಲ್ಲ. ಎರಡು ಬಾಸ್‌ಗಳ ಒಳಗೆ ಒಂದೇ ಉದ್ದದ 12 ಮಿಲಿಮೀಟರ್ ರಾಡು ತೂರಿಸಿ, ಅದು ಕೈಯಲ್ಲಿ ಸಲೀಸಾಗಿ ತಿರುಗುತ್ತಿರುವಾಗಲೇ ಚುಕ್ಕೆ ಬೆಸುಗೆ ಹಾಕಿದೆವು. ಒಂದು ಕಡೆ ಸ್ವಲ್ಪ, ಇನ್ನೊಂದು ಕಡೆ ಸ್ವಲ್ಪ, ಆರಲು ಬಿಟ್ಟು ಮತ್ತೆ ಸ್ವಲ್ಪ. ಒಂದೇ ಉಸಿರಿಗೆ ಎಳೆದರೆ ಬಿಸಿಗೆ ಪ್ಲೇಟು ಸೊಟ್ಟ ಆಗಿ ರಾಡು ಕಚ್ಚಿಕೊಳ್ಳುತ್ತದೆ. ವೆಲ್ಡರ್ ಹುಡುಗ ತಾಳ್ಮೆಯವನು. ಚಾಯ ಮಾತ್ರ ಎರಡೆರಡು ಬೇಕಿತ್ತು.

ಎಳೆದು ನೋಡುವ ಭಾಗವೇ ನನಗೆ ಹೆಚ್ಚು ಕಲಿಸಿದ್ದು. ಜೀಪಿಗೆ ಹಾಕುವ ಮೊದಲು ಗುಜರಿಯಲ್ಲಿ ಸಿಕ್ಕ ಒಂದು ಹಳೇ ಬಾಡಿಯ ಪಕ್ಕದ ತಗಡನ್ನು ತಂದು, ಶಾಪಿನ ಕಂಬಕ್ಕೆ ಬಿಗಿದೆವು. ಅದಕ್ಕೆ ಬೋಲ್ಟ್ ಹಾಕಿ ಹಿಂಜ್, ಹಿಂಜಿಗೆ ಚೈನ್ ಬ್ಲಾಕ್, ನಡುವೆ ಗುಜರಿಯವರ ಕೊಕ್ಕೆ ತಕ್ಕಡಿ. ಚೈನಿನ ಮೇಲೆ ದಪ್ಪ ರಬ್ಬರ್ ಮ್ಯಾಟು ಹೊದಿಸಿ, ಎಲ್ಲರೂ ಬದಿಗೆ ಸರಿದು ನಿಂತೆವು. ತುಂಡಾದ ಚೈನಿಗೆ ಕಣ್ಣು ಮೂಗು ಗೊತ್ತಾಗುವುದಿಲ್ಲ. ನಾನು ಪಿನ್ನನ್ನೇ ನೋಡುತ್ತಿದ್ದೆ. ಪಿನ್ನಿಗೆ ಏನೂ ಆಗಲಿಲ್ಲ. 350 ಕಿಲೋ ಹೊತ್ತಿಗೆ ಬೋಲ್ಟಿನ ಸುತ್ತಲಿನ ತಗಡು ಉಬ್ಬಿ, ತೂತು ದೊಡ್ಡದಾಗಿ, ಬೋಲ್ಟಿನ ತಲೆ ಹೊರಗೆ ಬರಲು ಶುರುವಾಯಿತು. ಪಿನ್ 12 ಇರಲಿ 14 ಇರಲಿ, ಅದನ್ನು ಹಿಡಿದುಕೊಂಡಿರುವುದು ಒಂದೂಕಾಲು ಮಿಲಿಮೀಟರಿನ ತಗಡು!

ತಗಡಿನ ಒಳಬದಿಗೆ 5 ಮಿಲಿಮೀಟರಿನ ಒಂದು ಪ್ಲೇಟು, ಅಂಗೈಗಿಂತ ದೊಡ್ಡದು, ಮೂರು ಬೋಲ್ಟು. ಅಂಚು ಚೂಪಾಗಿದ್ದರೆ ತಗಡನ್ನು ಅಲ್ಲೇ ಕೊಯ್ಯುತ್ತದೆ ಅಂತ ಅಂಚನ್ನು ಉರುಟು ಮಾಡಿದೆವು. ಈ ಸಲ ಎರಡೂ ಹಿಂಜ್ ಒಟ್ಟಿಗೆ ಎಳೆದಾಗ 900 ಕಿಲೋ ದಾಟಿತು. ಹಿಂಜಿನ ಎಲೆ ಸ್ವಲ್ಪ ಸೊಟ್ಟ ಆಯಿತು, ಬಿಡಲಿಲ್ಲ. ಇದೇನು ವಾಹನ ಪರೀಕ್ಷೆ ಮಾಡುವ ಪುಣೆಯ ಎಆರ್‌ಎಐ ಪ್ರಯೋಗಾಲಯದ ಪರೀಕ್ಷೆ ಅಲ್ಲ, ಗುಜರಿ ತಕ್ಕಡಿಯ ಪರೀಕ್ಷೆ. ಸರ್ಟಿಫಿಕೇಟ್ ಅಂತ ಯಾರಿಗೂ ತೋರಿಸುವಂಥದ್ದಲ್ಲ. ಆದರೂ ಪ್ಲೇಟು ಹಾಕುವ ಮೊದಲಿನದ್ದಕ್ಕೂ ಆಮೇಲಿನದ್ದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಂಡಿತು. ಪಿನ್ನಿನ ಮೇಲೆ ಸುರಿದ ಚರ್ಚೆಯ ಅರ್ಧದಷ್ಟನ್ನಾದರೂ ಈ ಹಿಂದಿನ ಪ್ಲೇಟಿಗೆ ಸುರಿಯಬೇಕು.

ಲ್ಯಾಚನ್ನೂ ಬದಲಿಸಿದೆವು. ನಿಯಮದಲ್ಲಿ ಪೂರ್ತಿ ಬಿದ್ದ ಲ್ಯಾಚಿಗೂ ಹಿಂಜ್‌ನಷ್ಟೇ 11,000 ಮತ್ತು 9,000 ನ್ಯೂಟನ್ ಕೇಳುತ್ತಾರೆ. ಒಂದು ಬದಿ ಕೋಟೆ, ಇನ್ನೊಂದು ಬದಿ ಚಿಲಕ ಆದರೆ ಪ್ರಯೋಜನ ಇಲ್ಲ. ಸ್ಟ್ರೈಕರನ್ನು, ಅಂದರೆ ಬಾಡಿಯ ಕಡೆ ಇರುವ ಸರಳನ್ನು, ಸುತ್ತಿ ಹಿಡಿಯುವ ರೋಟರಿ ಲ್ಯಾಚು ಕಾರುಗಳ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು.

ಬಾಗಿಲು ತೆಗೆದಾಗ ಕನ್ನಡಿಯೂ ಹೋಗುತ್ತದೆ ಅನ್ನುವುದನ್ನು ತುಂಬ ಜನ ಮರೆಯುತ್ತಾರೆ. ನಮ್ಮದರಲ್ಲಿ ಕನ್ನಡಿ ಬಾಗಿಲಿಗೇ ಇತ್ತು. ಅದನ್ನು ಮುಂದಿನ ಗಾಜಿನ ಚೌಕಟ್ಟಿನ ಬುಡಕ್ಕೆ ಸರಿಸಿದೆವು. ಬಾಗಿಲಿಲ್ಲದೆ ಹೋಗುವಾಗ ಸೀಟ್ ಬೆಲ್ಟ್ ಹಾಕದವರನ್ನು ಹತ್ತಿಸುವುದಿಲ್ಲ, ಇದಕ್ಕೆ ಮನೆಯಲ್ಲಿ ಜಗಳ ಆದದ್ದೂ ಉಂಟು. ಕಾನೂನಿನ ಮಾತು ಬಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರ ಕಂಪೆನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ವಾಹನ ಬದಲಿಸುವ ಹಾಗಿಲ್ಲ. ಯಾರೇ ಕೈ ಹಾಕುವುದಿದ್ದರೂ ಮೊದಲು ಡ್ರಾಯಿಂಗ್ ಹಿಡಿದು ಆರ್‌ಟಿಒ ಕಚೇರಿಗೂ ವಿಮೆಯವರ ಹತ್ತಿರಕ್ಕೂ ಹೋಗಿ ಕೇಳಿ. ನಾನು ವೆಲ್ಡಿಂಗಿಗೆ ಮೊದಲೇ ಕೇಳಿದ್ದೆ.

ಒಂದು ಮಳೆಗಾಲ ದಾಟಿದ ಮೇಲೆ ಪಿನ್ ಬಿಚ್ಚಿ ನೋಡಿದೆವು. ಭುಜದ ಕೆಳಗೆ ಸಣ್ಣ ತುಕ್ಕಿನ ಗೆರೆ, ಡೆಲ್ರಿನ್ ಒಳಗಿನ ಭಾಗ ಹೊಳೆಯುತ್ತಿತ್ತು. ಎಡ ಬಾಗಿಲಿನ ಕೊಕ್ಕೆ ಮತ್ತು ಬಳೆಯ ನಡುವೆ ಬಿಟ್ಟ ಒಂದು ಮಿಲಿಮೀಟರ್ ಸಂದು ಕೆಟ್ಟ ರಸ್ತೆಯಲ್ಲಿ ಟಕಟಕ ಅನ್ನುತ್ತದೆ. ರಬ್ಬರ್ ಅಂಟಿಸಿದರೆ ನಿಲ್ಲುತ್ತದೆ, ಆದರೆ ರಬ್ಬರ್ ಹರಿದು ಕಚ್ಚಿಗೆ ಸಿಕ್ಕಿಕೊಂಡರೆ ಬಾಗಿಲು ಬರುವುದಿಲ್ಲ. ಸದ್ಯ ಟಕಟಕ ಇರಲಿ ಅಂತ ಬಿಟ್ಟಿದ್ದೇನೆ.

ಕಾರ್ಕಳದಿಂದ ಒಬ್ಬರು ಫೋನ್ ಮಾಡಿ ಡ್ರಾಯಿಂಗ್ ಕಳಿಸಿ ಅಂತ ಕೇಳುತ್ತಿದ್ದಾರೆ. ಅವರದ್ದು ಪೂರ್ತಿ ಗಾಜಿರುವ ಎತ್ತರದ ಬಾಗಿಲಂತೆ. ನಿಮ್ಮ ಬಾಗಿಲಿನ ತೂಕ, ಭಾರ ಕೂರುವ ಜಾಗ, ಹಿಂಜ್‌ಗೆ ಸಿಗುವ ಅಂತರ, ಇಷ್ಟನ್ನು ಅಳೆದು ಹೇಳಿ, ಆಮೇಲೆ ಕೂತು ಲೆಕ್ಕ ಹಾಕೋಣ ಅಂದಿದ್ದೇನೆ. ತೂಕ ಮಾತ್ರ ಹೇಳಿದ್ದಾರೆ, 27 ಕಿಲೋ. ಉಳಿದ ಎರಡು ಅಂಕಿ ಬಂದಿಲ್ಲ.